ಉಕ್ಕಿನ ಊರಿನ ಒಂದು ಕ್ಯಾಸೆಟ್ಟು

1980ರಲ್ಲಿ ಲಂಡನ್ನಿನ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸಣ್ಣ ಸ್ವತಂತ್ರ ಸಂಸ್ಥೆಯೊಂದು '1974–1976' ಎಂಬ ಹೆಸರಿನ ಕ್ಯಾಸೆಟ್ಟನ್ನು ಹೊರತಂದಿತು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಮೂವರು ತರುಣರು ಆ ಮೂರು ವರ್ಷಗಳಲ್ಲಿ ಮನೆಯ ಅಟ್ಟದಲ್ಲಿ ಕುಳಿತು ಟೇಪಿಗೆ ಇಳಿಸಿಕೊಂಡಿದ್ದ ಪ್ರಯೋಗಗಳು ಅದರಲ್ಲಿದ್ದವು. ತಂಡದ ಹೆಸರು ಕ್ಯಾಬರೆ ವೋಲ್ಟೇರ್. ಸದಸ್ಯರು ಕ್ರಿಸ್ ವಾಟ್ಸನ್, ರಿಚರ್ಡ್ ಎಚ್. ಕರ್ಕ್ ಮತ್ತು ಸ್ಟೀಫನ್ ಮ್ಯಾಲಿಂಡರ್. ಹಾಡಿಕೊಳ್ಳಬಹುದಾದ ರಾಗವನ್ನು ನಿರೀಕ್ಷಿಸಿ ಕೇಳಹೊರಟವರಿಗೆ ಮೊದಲು ಎದುರಾಗುವುದು ಯಂತ್ರದ ಗುಂಯ್‌ಗಾರ, ಟೇಪಿನ ಗೊರಗೊರ, ತಗಡಿನ ಕೊಳವೆಯೊಳಗಿಂದ ಹಾದು ಬಂದಂತಿರುವ ಮನುಷ್ಯನ ಮಾತು. ಮುಂದೆ 'ಇಂಡಸ್ಟ್ರಿಯಲ್ ಸಂಗೀತ' ಎಂದು ಹೆಸರಾದ ಪಂಥದ ಬೇರುಗಳನ್ನು ಹುಡುಕುವವರು ಈ ಕ್ಯಾಸೆಟ್ಟನ್ನು ದಾಟಿಕೊಂಡು ಹೋಗಲಾರರು.

ಸಂಗೀತಶಾಸ್ತ್ರದ ದೃಷ್ಟಿಯಿಂದ ಇದನ್ನು ಅಳೆಯುವುದು ನಮ್ಮ ಉದ್ದೇಶವಲ್ಲ. ಒಂದು ಊರು ತನ್ನ ದುಡಿಮೆಯ ಸದ್ದನ್ನು ಕಳೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಆ ಊರಿನ ಮಕ್ಕಳು ಸದ್ದನ್ನೇ ತಮ್ಮ ಕಲೆಯ ದ್ರವ್ಯವನ್ನಾಗಿ ಮಾಡಿಕೊಂಡರು. ಅದನ್ನು ಉಳಿಸಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲದ ಅಗ್ಗದ ಸಾಧನವೊಂದು ಅವರ ಕೈಗೆ ಸಿಕ್ಕಿತು. ಈ ಎರಡು ಸಂಗತಿಗಳು ಕೂಡಿದ ಬಗೆಯನ್ನು ನೋಡುವುದಷ್ಟೇ ಇಲ್ಲಿಯ ಕೆಲಸ. ಗಿರಣಿ, ರೈಲ್ವೆ, ಬಂದರು, ಕಚೇರಿಗಳ ನಗರಗಳಲ್ಲಿ ನೆಲೆ ಕಂಡುಕೊಂಡ ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ಚರಿತ್ರೆ ತೀರ ಪರಕೀಯವೆನಿಸಲಾರದು.

ಶೆಫೀಲ್ಡ್ ಎಂದರೆ ಉಕ್ಕು. 1740ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ, ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, ಶೆಫೀಲ್ಡಿನ ಬಳಿಯ ಹ್ಯಾಂಡ್ಸ್‌ವರ್ತ್‌ನಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ರೂಢಿಸಿದ. ಊರಿನ ಚಾಕು ಕತ್ತರಿಗಳ ಕಸುಬುದಾರರು ಆ ಗಟ್ಟಿ ಉಕ್ಕನ್ನು ಮೊದಲು ಒಲ್ಲೆನೆಂದರು. ಅದು ಫ್ರಾನ್ಸಿಗೆ ಹೋಗಿ ಹೆಸರು ಮಾಡಿದ ಮೇಲೆ ಒಪ್ಪಿಕೊಂಡರು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕಂಡುಹಿಡಿದದ್ದೂ ಈ ಊರಿನಲ್ಲೇ. ಇಂದು ನಮ್ಮ ಅಡುಗೆಮನೆಗಳಲ್ಲಿರುವ ಸ್ಟೀಲ್ ಲೋಟದ ವಂಶಾವಳಿಯಲ್ಲಿ ಶೆಫೀಲ್ಡಿಗೆ ಒಂದು ಸ್ಥಾನ ಇದ್ದೇ ಇದೆ.

ಮೂಸೆಯ ಉಕ್ಕು ನಮ್ಮ ದಕ್ಷಿಣ ದೇಶಕ್ಕೆ ಹೊಸತಾಗಿರಲಿಲ್ಲ. 1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಇಲ್ಲಿನ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕಳುಹಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಮಂಡಿಸಿದ. ಅವರು ಅದನ್ನು ಕರೆದದ್ದು 'ವೂಟ್ಸ್' ಎಂದು. ಕನ್ನಡ ತೆಲುಗುಗಳ 'ಉಕ್ಕು' ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ, ಬಹುಶಃ ಬರವಣಿಗೆಯ ತಪ್ಪಿನಿಂದಲೂ, ಹೀಗೆ ರೂಪಾಂತರಗೊಂಡಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮುಂದೆ 1820ರ ಆಸುಪಾಸಿನಲ್ಲಿ ಮೈಕೆಲ್ ಫ್ಯಾರಡೆ ಮತ್ತು ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕಿನ ಗುಟ್ಟನ್ನು ಅರಿಯಹೋಗಿ ಮಿಶ್ರಲೋಹಗಳ ಪ್ರಯೋಗಕ್ಕೆ ಕೈಹಾಕಿದರು. ದೊಡ್ಡ ಪ್ರಮಾಣದ ಎರಕ ನಡೆದದ್ದು ಶೆಫೀಲ್ಡಿನ ಸ್ಯಾಂಡರ್‌ಸನ್ ಕುಲುಮೆಯಲ್ಲಿ. ನಮ್ಮ ಮಾತೊಂದು ಆ ಊರಿನ ಬೆಂಕಿಯ ಪಕ್ಕದಲ್ಲಿ ಒಮ್ಮೆ ಹಾದುಹೋಗಿತ್ತೆಂಬುದನ್ನು ನೆನಪಿನಲ್ಲಿಟ್ಟು ಮುಂದೆ ಸಾಗೋಣ.

ಉಕ್ಕಿನ ಊರು ಸದ್ದಿನ ಊರೂ ಹೌದು. ಡಾನ್ ನದಿಯ ಕಣಿವೆಯುದ್ದಕ್ಕೂ ಸಾಲುಗಟ್ಟಿದ್ದ ಕಾರ್ಖಾನೆಗಳಲ್ಲಿ ಕಾದ ಲೋಹದ ಮೇಲೆ ಬೀಳುತ್ತಿದ್ದ ಭಾರಿ ಸುತ್ತಿಗೆಗಳ ಪೆಟ್ಟು ರಾತ್ರಿಯ ಹೊತ್ತು ಊರಿನ ಮನೆಗಳ ಹಾಸಿಗೆಯವರೆಗೆ ಕೇಳಿಸುತ್ತಿತ್ತೆಂದು ಅಲ್ಲಿ ಬೆಳೆದ ಸಂಗೀತಗಾರರು ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. 1937ರ ತನ್ನ 'ದ ರೋಡ್ ಟು ವಿಗನ್ ಪಿಯರ್' ಕೃತಿಯಲ್ಲಿ ಜಾರ್ಜ್ ಆರ್ವೆಲ್, ಪ್ರಪಂಚದ ಕುರೂಪಿ ಊರುಗಳ ಸಾಲಿನಲ್ಲಿ ಮೊದಲ ಮಣೆಯನ್ನು ಶೆಫೀಲ್ಡಿಗೆ ಕೊಡಲು ಸಿದ್ಧನಾಗಿದ್ದ. ಅವನ ಬರಹದಲ್ಲಿ ಹೊಗೆಯ ಬಣ್ಣ, ಗಂಧಕದ ವಾಸನೆ, ಕುಲುಮೆಯ ಉರಿ ಎಲ್ಲವೂ ಇವೆ. ಆದರೆ ಬಂದು ಹೋಗುವ ಲೇಖಕ ಬರೆದುಕೊಳ್ಳುವುದಕ್ಕೂ ಆ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದ ಮಗುವಿನ ಕಿವಿಗೂ ಅಂತರವಿದೆ. ಆ ಮಗುವಿಗೆ ಅದು ಕುರೂಪವೂ ಅಲ್ಲ, ಸುರೂಪವೂ ಅಲ್ಲ. ಗಡಿಯಾರದ ಟಿಕ್‌ಟಿಕ್‌ನಂತೆ ಮನೆಯ ಒಂದು ಭಾಗ.

ಕ್ರಿಸ್ ವಾಟ್ಸನ್ ಅಂಥ ಮಕ್ಕಳಲ್ಲೊಬ್ಬ. ಬಾಲ್ಯದಲ್ಲಿ ತಂದೆತಾಯಿ ಅವನಿಗೊಂದು ಕೈಯಲ್ಲಿ ಹಿಡಿದೊಯ್ಯಬಹುದಾದ ಟೇಪ್ ರೆಕಾರ್ಡರ್ ತಂದುಕೊಟ್ಟರು. ಹಿತ್ತಿಲಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ಕಟ್ಟೆಯ ಮೇಲೆ ಅದನ್ನಿಟ್ಟು ಮನೆಯೊಳಗಿನಿಂದ ಕಾದು, ಆಮೇಲೆ ಆ ಸದ್ದುಗಳನ್ನು ಕೇಳಿದ ಅನುಭವವನ್ನು ಅವನು ಮುಂದೆ ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ. ಬೆಳೆದ ಮೇಲೆ ಟೆಲಿಫೋನ್ ಎಂಜಿನಿಯರನಾದ. ತಂತಿ, ಬೆಸುಗೆ, ಸರ್ಕೀಟುಗಳು ಅವನಿಗೆ ಹೊಟ್ಟೆಪಾಡಿನ ವಿದ್ಯೆ. 1973ರಲ್ಲಿ ಕರ್ಕ್ ಮತ್ತು ಮ್ಯಾಲಿಂಡರ್ ಅವನೊಂದಿಗೆ ಸೇರಿದರು. ಮೂವರಲ್ಲಿ ಯಾರೂ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಟೇಪ್ ರೆಕಾರ್ಡರನ್ನೇ ವಾದ್ಯವೆಂದು ಬಗೆಯಬಹುದೆಂಬ ಬ್ರಯನ್ ಈನೋನ ವಿಚಾರ, ಬರೆದ ಹಾಳೆಯನ್ನು ಕತ್ತರಿಸಿ ಬೇರೊಂದು ಕ್ರಮದಲ್ಲಿ ಜೋಡಿಸುವ ವಿಲಿಯಂ ಬರೋಸ್‌ನ ಬರವಣಿಗೆಯ ತಂತ್ರ ಇವೆರಡೂ ಅವರಿಗೆ ದಾರಿ ತೋರಿದವು. ಕೈಯಾರೆ ಕಟ್ಟಿದ ಆಸಿಲೇಟರ್, ತುದಿಗೆ ತುದಿ ಅಂಟಿಸಿ ಸುತ್ತಿಸುವ ಟೇಪಿನ ಉಂಗುರ, ಜೊತೆಗೆ ಕ್ಲಾರಿನೆಟ್, ಗಿಟಾರು, ಬೇಸ್. ಹತ್ಯಾರಗಳು ಇಷ್ಟೇ, ಕಾರ್ಯಾಗಾರ ವಾಟ್ಸನ್ ಮನೆಯ ಅಟ್ಟ.

ತಂಡದ ಹೆಸರನ್ನು ಅವರು ಪಡೆದದ್ದು ಜ್ಯೂರಿಕ್‌ನಿಂದ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1916ರ ಫೆಬ್ರವರಿಯಲ್ಲಿ, ಹ್ಯೂಗೊ ಬಾಲ್ ಮತ್ತು ಎಮ್ಮಿ ಹೆನಿಂಗ್ಸ್ ಆ ನಗರದ ಶ್ಪೀಗಲ್‌ಗಾಸ್ಸೆ ಎಂಬ ಓಣಿಯ 1ನೇ ನಂಬರಿನ ಮನೆಯಲ್ಲಿ ಈ ಹೆಸರಿನ ಕೂಟವನ್ನು ತೆರೆದರು. ದಾದಾ ಪಂಥ ಹುಟ್ಟಿದ್ದು ಅಲ್ಲಿ. ಅದೇ ಓಣಿಯ 14ನೇ ನಂಬರಿನಲ್ಲಿ ಅದೇ ವರ್ಷ ಲೆನಿನ್ ಬಾಡಿಗೆಗಿದ್ದ. ಅರ್ಥವನ್ನೇ ಒಡೆಯಹೊರಟವರೂ ರಾಜ್ಯವನ್ನು ಒಡೆಯಹೊರಟವನೂ ಒಂದೇ ಓಣಿಯ ನೆರೆಹೊರೆಯವರಾಗಿದ್ದರು. ಯುದ್ಧಕ್ಕೆ ಕಾರಣವಾದ ನಾಗರಿಕತೆಯ ಸುಸಂಬದ್ಧ ಭಾಷೆಯಲ್ಲೇ ತಾವೂ ಮಾತಾಡಲಾರೆವೆಂದ ದಾದಾವಾದಿಗಳ ಹಟ ಅರವತ್ತು ವರ್ಷಗಳ ನಂತರ ಉತ್ತರ ಇಂಗ್ಲೆಂಡಿನ ಅಟ್ಟವೊಂದಕ್ಕೆ ಬಂದು ತಲುಪಿತು.

ಸದ್ದನ್ನು ಸಂಗೀತವೆಂದು ಕರೆದವರಲ್ಲಿ ಇವರು ಮೊದಲಿಗರಲ್ಲ. 1913ರಲ್ಲಿ ಇಟಲಿಯ ಲುಯಿಜಿ ರುಸ್ಸೊಲೊ ಸದ್ದುಗಳ ಕಲೆಯ ಕುರಿತು ಪ್ರಣಾಳಿಕೆಯನ್ನೇ ಬರೆದು, ಗುಡುಗುವ ಕಿರುಚುವ ಪೆಟ್ಟಿಗೆಗಳನ್ನು ಕಟ್ಟಿದ್ದ. 1948ರಲ್ಲಿ ಪ್ಯಾರಿಸ್ಸಿನ ಪಿಯರ್ ಶೆಫರ್ ರೈಲುಗಳ ಸದ್ದನ್ನು ಮುದ್ರಿಸಿ, ಜೋಡಿಸಿ, ರೇಡಿಯೊದಲ್ಲಿ ಪ್ರಸಾರ ಮಾಡಿದ. 1958ರಲ್ಲಿ ಬಿಬಿಸಿ ಇಂಥ ಕೆಲಸಕ್ಕೆಂದೇ ರೇಡಿಯೊಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗವನ್ನು ತೆರೆಯಿತು. ಆದರೆ ಶೆಫರನ ಹಿಂದೆ ಫ್ರೆಂಚ್ ರೇಡಿಯೊ ಇತ್ತು, ವರ್ಕ್‌ಶಾಪಿನ ಹಿಂದೆ ಬಿಬಿಸಿ ಇತ್ತು. ಸರ್ಕಾರದ ಹಣ, ನಿಗಮದ ಕೊಠಡಿ, ಸಂಬಳದ ತಂತ್ರಜ್ಞರು ಇದ್ದರು. ಶೆಫೀಲ್ಡಿನ ಮೂವರಿಗೆ ಇದ್ದದ್ದು ಬಿಡುವಿನ ಸಂಜೆಗಳು ಮಾತ್ರ.

ಅವರ ಮೊದಲ ಸಾರ್ವಜನಿಕ ಪ್ರದರ್ಶನ 1975ರ ಮೇ ತಿಂಗಳಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಸಂಘಟಕರು ನಿರೀಕ್ಷಿಸಿದ್ದು ರಾಕ್ ಸಂಗೀತವನ್ನು. ವೇದಿಕೆಯ ಮೇಲೆ ಡ್ರಮ್ಮಿನವನೇ ಇರಲಿಲ್ಲ. ಅವನ ಜಾಗದಲ್ಲಿ ಆವಿ ಸುತ್ತಿಗೆಯ ಸದ್ದನ್ನು ಮುದ್ರಿಸಿದ ಟೇಪಿನ ಉಂಗುರ ತಿರುಗುತ್ತಿತ್ತು. ಕರ್ಕ್ ಮಿನುಗುದೀಪಗಳನ್ನು ಹೊಲಿದ ಕೋಟು ತೊಟ್ಟು ಕ್ಲಾರಿನೆಟ್ ಊದುತ್ತಿದ್ದ. ಸಭಿಕರು ಸಹಿಸಲಿಲ್ಲ. ವೇದಿಕೆಗೆ ನುಗ್ಗಿದರು, ಹೊಡೆದಾಟವಾಯಿತು, ಮ್ಯಾಲಿಂಡರ್ ಬೆನ್ನುಮೂಳೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ. ಊರಿನ ಕಣಿವೆಯಲ್ಲಿ ಹಗಲೂ ರಾತ್ರಿ ಬೀಳುತ್ತಿದ್ದ ಸುತ್ತಿಗೆಯನ್ನು ಯಾರೂ ಆಕ್ಷೇಪಿಸಿರಲಿಲ್ಲ. ಅದೇ ಸುತ್ತಿಗೆ ವೇದಿಕೆಯನ್ನೇರಿ ತನ್ನನ್ನು ಕಲೆಯೆಂದು ಕೇಳಿರಿ ಎಂದಾಗ ಮಾತ್ರ ಜನ ರೊಚ್ಚಿಗೆದ್ದರು. ದುಡಿಮೆ ದುಡಿಮೆಯ ಜಾಗದಲ್ಲಿರಬೇಕು, ಕಲೆ ಕಲೆಯ ಜಾಗದಲ್ಲಿರಬೇಕು ಎಂಬ ಹಳೆಯ ವಿಂಗಡಣೆಯನ್ನು ಯಾರಾದರೂ ಮುಟ್ಟಿದಾಗಲೆಲ್ಲ ಹೀಗಾಗುವುದುಂಟು.

ಇಂಥ ಸಂಗೀತವನ್ನು ಯಾವ ದೊಡ್ಡ ಕಂಪನಿ ತಾನೇ ಹೊರತಂದೀತು? 1976ರಲ್ಲಿ ಮೂವರೂ ತಮ್ಮ ಕೆಲವು ತುಣುಕುಗಳನ್ನು ಕ್ಯಾಸೆಟ್ಟಿಗೆ ಇಳಿಸಿ ಸುಮಾರು 25 ಪ್ರತಿಗಳನ್ನು ತಾವೇ ಮಾಡಿ ಹಂಚಿದರು. ಇಲ್ಲಿ ಕ್ಯಾಸೆಟ್ಟಿನ ಗುಣವನ್ನು ಸ್ವಲ್ಪ ನಿಂತು ನೋಡಬೇಕು. ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಮತ್ತು ಸಂಗಡಿಗರು ಬೆಲ್ಜಿಯಮ್ಮಿನ ಹ್ಯಾಸೆಲ್ಟ್ ಕಾರ್ಖಾನೆಯಲ್ಲಿ ರೂಪಿಸಿದ ಈ ಸಾಧನ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಹೊರಬಿತ್ತು. ಜೇಬಿನಲ್ಲಿ ಹಿಡಿಸಬೇಕೆಂಬುದು ಒಟೆನ್ಸ್‌ನ ಲೆಕ್ಕ. ಅಳತೆಗೆಂದು ಅವನು ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಟೇಪಿನ ಅಗಲ 4 ಮಿಲಿಮೀಟರಿಗಿಂತಲೂ ಕಡಿಮೆ. ಅದು ಚಲಿಸುವುದು ಸೆಕೆಂಡಿಗೆ 5 ಸೆಂಟಿಮೀಟರಿಗೂ ಕಮ್ಮಿ ವೇಗದಲ್ಲಿ. ಅಷ್ಟು ಕಿರಿದಾದ, ಅಷ್ಟು ನಿಧಾನದ ಪಟ್ಟಿಯ ಮೇಲೆ ಹಿಡಿದ ಸದ್ದಿಗೆ ಸೂಕ್ಷ್ಮತೆ ಕಡಿಮೆ, ಹಿನ್ನೆಲೆಯ ಸುಯ್‌ಗುಟ್ಟುವಿಕೆ ಹೆಚ್ಚು. ಸಂಗೀತಕ್ಕಿಂತ ಮಾತನ್ನು ಮುದ್ರಿಸಿಕೊಳ್ಳುವುದಕ್ಕೇ ಅದು ತಕ್ಕದ್ದೆಂದು ಮೊದಲಿಗೆ ಎಣಿಸಲಾಗಿತ್ತು.

ಆದರೆ ಗ್ರಾಮಫೋನ್ ತಟ್ಟೆಗೆ ಇಲ್ಲದ ಒಂದು ಗುಣ ಕ್ಯಾಸೆಟ್ಟಿಗಿತ್ತು. ತಟ್ಟೆ ಮಾಡಬೇಕೆಂದರೆ ಅಚ್ಚು ಕೊರೆಯಬೇಕು, ಕಾರ್ಖಾನೆಗೆ ಕೊಡಬೇಕು, ನೂರಾರು ಪ್ರತಿಗಳಿಗೆ ಮುಂಗಡ ತೆರಬೇಕು. ಕ್ಯಾಸೆಟ್ಟನ್ನು ಒಂದೊಂದಾಗಿ ಮಾಡಬಹುದು. ಕೇಳಿದವರಿಗೊಂದು, ಕೇಳಿದಾಗೊಂದು. ಮುಖ್ಯವಾಗಿ, ಕೇಳುವ ಯಂತ್ರವೇ ಮುದ್ರಿಸುವ ಯಂತ್ರವೂ ಆಗಿತ್ತು. ಕೆಂಪು ಗುಂಡಿಯೊಂದನ್ನು ಜೊತೆಗೆ ಒತ್ತಿದರೆ ಕೇಳುಗ ಕರ್ತೃವಾಗುತ್ತಿದ್ದ. ಪುಸ್ತಕಲೋಕದಲ್ಲಿ ಕೈಬರಹದ ಪತ್ರಿಕೆಗೂ ಸೈಕ್ಲೊಸ್ಟೈಲಿಗೂ ಇದ್ದ ಸ್ಥಾನ ಧ್ವನಿಯ ಲೋಕದಲ್ಲಿ ಕ್ಯಾಸೆಟ್ಟಿಗೆ ದೊರೆಯಿತು.

ಇದನ್ನು ಸಂಸ್ಥೆಯ ಮಟ್ಟದಲ್ಲಿ ಅರಿತವರು ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಥ್ರಾಬಿಂಗ್ ಗ್ರಿಸಲ್ ತಂಡದವರು. 1976ರ ಅಕ್ಟೋಬರಿನಲ್ಲಿ ಲಂಡನ್ನಿನ ಐಸಿಎ ಕಲಾಕೇಂದ್ರದಲ್ಲಿ ಅವರು ನಡೆಸಿದ ಪ್ರದರ್ಶನ ಪಾರ್ಲಿಮೆಂಟಿನವರೆಗೆ ಗದ್ದಲವೆಬ್ಬಿಸಿತು. ಸದಸ್ಯರೊಬ್ಬರು ಅವರನ್ನು ನಾಗರಿಕತೆಯ ವಿಧ್ವಂಸಕರೆಂದು ಕರೆದರು. ಅದೇ ವರ್ಷ ಅವರು ಇಂಡಸ್ಟ್ರಿಯಲ್ ರೆಕಾರ್ಡ್ಸ್ ಸ್ಥಾಪಿಸಿದರು. ಅಮೆರಿಕದ ಕಲಾವಿದ ಮಾಂಟಿ ಕಜಾಜಾ ಕೊಟ್ಟ ಘೋಷವಾಕ್ಯದ ತಾತ್ಪರ್ಯ, ಕೈಗಾರಿಕಾ ಯುಗದ ಜನರಿಗೆ ಅದೇ ಯುಗದ ಸಂಗೀತ ಎಂಬುದು. 1977ರ ತಮ್ಮ ಮೊದಲ ತಟ್ಟೆಯನ್ನು ಅವರು ಅಚ್ಚು ಹಾಕಿಸಿದ್ದು 785 ಪ್ರತಿ ಮಾತ್ರ. ಆಮೇಲೆ ತಮ್ಮ ಕಛೇರಿಗಳ ಧ್ವನಿಮುದ್ರಣಗಳನ್ನು ಸಾಲುಸಾಲಾಗಿ ಕ್ಯಾಸೆಟ್ಟಿನಲ್ಲಿ ಹೊರತಂದು, '24 ಅವರ್ಸ್' ಎಂಬ ಹೆಸರಿನಲ್ಲಿ ಪೆಟ್ಟಿಗೆಗೆ ತುಂಬಿ ಮಾರಿದರು.

ಈ ತಂಡದ ಎಲ್ಲವನ್ನೂ ಮೆಚ್ಚಬೇಕಿಲ್ಲ. ಆಶ್‌ವಿಟ್ಜ್‌ನ ದಹನಾಗಾರದ ಚಿತ್ರವನ್ನೇ ಅವರು ಸಂಸ್ಥೆಯ ಲಾಂಛನವಾಗಿ ಬಳಸಿದರು. ಕೈಗಾರಿಕಾ ನಾಗರಿಕತೆಯ ತುದಿಯಲ್ಲಿ ಸಾವಿನ ಕಾರ್ಖಾನೆಯೂ ಇತ್ತೆಂದು ನೆನಪಿಸುವುದು ಒಂದು. ಅದನ್ನು ಮಾರಾಟದ ಹೊದಿಕೆಯ ಮೇಲೆ ಗುರುತಾಗಿಸುವುದು ಇನ್ನೊಂದು. ಸತ್ತವರ ನೋವನ್ನು ಬೆಚ್ಚಿಬೀಳಿಸುವ ಸಲಕರಣೆಯನ್ನಾಗಿ ಮಾಡಿಕೊಳ್ಳುವ ಚಟ ಈ ಪಂಥಕ್ಕೆ ಕೊನೆಯವರೆಗೂ ಅಂಟಿಕೊಂಡಿತು. ಆದರೆ ಅವರೇ ತೆರೆದ ಬಾಗಿಲಿನಿಂದ ಬೇರೆ ಮನೋಧರ್ಮದ ಕೆಲಸವೂ ಹೊರಬಂತೆಂಬುದು ಅಷ್ಟೇ ನಿಜ. ಶೆಫೀಲ್ಡಿನ ಅಟ್ಟದ ಟೇಪುಗಳು ಹಾಗೆ ಬಂದವು.

'1974–1976'ರ ತುಣುಕುಗಳಿಗೆ 'ದ ದಾದಾ ಮ್ಯಾನ್', 'ಫೇಡ್ ಕ್ರೈಸಿಸ್', 'ಶೀ ಲವ್ಡ್ ಯೂ' ಮುಂತಾದ ಹೆಸರುಗಳಿವೆ. ಕೊನೆಯದು ಬೀಟಲ್ಸ್ ತಂಡದ ಜಗತ್ಪ್ರಸಿದ್ಧ ಪ್ರೇಮಗೀತೆಯನ್ನು ಭೂತಕಾಲಕ್ಕೆ ತಳ್ಳಿದ ಶೀರ್ಷಿಕೆ. ಕ್ರಿಯಾಪದದ ಒಂದು ಪ್ರತ್ಯಯ ಬದಲಾದರೆ ಯೌವನದ ಉತ್ಸಾಹ ಹೇಗೆ ವಿಷಾದವಾಗುತ್ತದೆಂಬುದನ್ನು ವ್ಯಾಕರಣ ಬಲ್ಲವರು ಮೆಚ್ಚದಿರಲಾರರು. ಉಳಿದಂತೆ ಇವು ಒರಟು, ಅಪೂರ್ಣ, ಕೆಲವೊಮ್ಮೆ ಬೇಸರ ತರಿಸುವಷ್ಟು ಏಕತಾನ. ಕಾರ್ಖಾನೆಯ ಅನುಕರಣೆಯನ್ನು ಇಲ್ಲಿ ಹುಡುಕಹೋದರೆ ನಿರಾಶೆಯಾದೀತು. ಕಾರ್ಖಾನೆಯಿಂದ ಇವರು ಪಡೆದದ್ದು ಸದ್ದನ್ನಷ್ಟೇ ಅಲ್ಲ, ಕೆಲಸದ ರೀತಿಯನ್ನು: ಕಚ್ಚಾ ದ್ರವ್ಯವನ್ನು ತೆಗೆದುಕೊಳ್ಳುವುದು, ಕತ್ತರಿಸುವುದು, ಕಾಯಿಸುವುದು, ಬಡಿಯುವುದು, ಮತ್ತೆ ಬಡಿಯುವುದು. ಮನುಷ್ಯನ ಮಾತೂ ಅವರ ಕೈಯಲ್ಲಿ ಒಂದು ಲೋಹದ ತುಂಡು.

ಈಗ ಇಸವಿಯತ್ತ ನೋಡೋಣ. ಕ್ಯಾಸೆಟ್ಟು ಹೊರಬಂದ 1980ನೇ ಇಸವಿಯ ಜನವರಿ 2ರಂದು ಬ್ರಿಟನ್ನಿನ ಉಕ್ಕು ಕಾರ್ಮಿಕರು ರಾಷ್ಟ್ರವ್ಯಾಪಿ ಮುಷ್ಕರ ಹೂಡಿದರು. ಅದು ಹದಿಮೂರು ವಾರ ನಡೆಯಿತು. ಶೆಫೀಲ್ಡಿನ ಹ್ಯಾಡ್‌ಫೀಲ್ಡ್ಸ್ ಕಾರ್ಖಾನೆಯ ಬಾಗಿಲಲ್ಲಿ ಫೆಬ್ರವರಿಯಲ್ಲಿ ಕಾರ್ಮಿಕರ ದೊಡ್ಡ ಜಮಾವಣೆಯೇ ಆಯಿತು. ಮುಷ್ಕರ ಮುಗಿದರೂ ಉಕ್ಕಿನ ಉದ್ಯಮ ಚೇತರಿಸಿಕೊಳ್ಳಲಿಲ್ಲ. ಹ್ಯಾಡ್‌ಫೀಲ್ಡ್ಸ್ 1983ರಲ್ಲಿ ಮುಚ್ಚಿತು. ಅದು ನಿಂತಿದ್ದ ನೆಲದ ಮೇಲೆ 1990ರಲ್ಲಿ ಮೆಡೋಹಾಲ್ ಎಂಬ ಬೃಹತ್ ಮಾಲ್ ತೆರೆಯಿತು. ಯುದ್ಧನೌಕೆಗಳ ಕವಚದ ಹಲಗೆಗಳನ್ನು ಉರುಳಿಸಲೆಂದು 1905ರಲ್ಲಿ ಕಟ್ಟಿದ್ದ 12,000 ಅಶ್ವಶಕ್ತಿಯ ಆವಿಯಂತ್ರ 1978ರಲ್ಲೇ ಕೆಲಸ ನಿಲ್ಲಿಸಿ ವಸ್ತುಸಂಗ್ರಹಾಲಯ ಸೇರಿತ್ತು. ಸಂಜೆಗಳಲ್ಲಿ ಸದ್ದು ಹಿಡಿಯುತ್ತ ಕುಳಿತಿದ್ದ ತರುಣರಿಗೆ ತಮ್ಮ ಊರಿನ ಸದ್ದು ಹತ್ತು ವರ್ಷಗಳಲ್ಲಿ ಹೀಗೆ ಅಡಗೀತೆಂಬ ಅರಿವಿತ್ತೆಂದು ಹೇಳಲಾಗದು. ಅರಿವಿಲ್ಲದೆ ಮಾಡಿದ್ದರಿಂದಲೇ ಅದರಲ್ಲಿ ಶೋಕಗೀತೆಯ ಲೇಪವಿಲ್ಲ.

ಅದೇ ಹೊತ್ತಿಗೆ ಕ್ಯಾಸೆಟ್ಟಿನ ಮೇಲೂ ದೂರು ಶುರುವಾಯಿತು. ಮನೆಯಲ್ಲಿ ಟೇಪ್ ಮಾಡುವುದು ಸಂಗೀತವನ್ನು ಕೊಲ್ಲುತ್ತಿದೆಯೆಂದು 1981ರಲ್ಲಿ ಬ್ರಿಟನ್ನಿನ ಧ್ವನಿಮುದ್ರಣ ಉದ್ಯಮ ಪ್ರಚಾರಕ್ಕಿಳಿಯಿತು. ನಮ್ಮ ದೇಶದಲ್ಲಿ ಆದದ್ದನ್ನು ಕಂಡವರಿಗೆ ಈ ದೂರಿನ ಇನ್ನೊಂದು ಮುಖ ಗೊತ್ತು. ಕ್ಯಾಸೆಟ್ಟು ಬಂದ ಮೇಲೆ ಒಂದೆರಡು ದೊಡ್ಡ ಕಂಪನಿಗಳ ಹಿಡಿತ ಸಡಿಲವಾಗಿ, ಪ್ರಾದೇಶಿಕ ಭಾಷೆಗಳ ಸಂಗೀತ ಬೀದಿ ಬೀದಿಗೆ ಬಂತು. ಪೀಟರ್ ಮ್ಯಾನುಯಲ್ 1993ರಲ್ಲಿ ಈ ಬದಲಾವಣೆಯ ಮೇಲೆ ಒಂದು ಇಡೀ ಗ್ರಂಥವನ್ನೇ ಬರೆದ. ಕನ್ನಡದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿತು. ಹೊರನಾಡಿನ ಮನೆಗಳಿಗೆ ಭಾವಗೀತೆಯೂ ಯಕ್ಷಗಾನದ ಪ್ರಸಂಗವೂ ದಾಸರ ಪದವೂ ಬಂದದ್ದು ರಜೆಗೆ ಊರಿಗೆ ಹೋದವರ ಚೀಲಗಳಲ್ಲಿ, ಈ ಅಂಗೈ ಅಗಲದ ಡಬ್ಬಿಗಳಾಗಿ. ನಾವು ಕ್ಯಾಸೆಟ್ಟಿನಿಂದ ಊರನ್ನು ಕರೆಸಿಕೊಂಡೆವು.

ಆದರೆ ನಾವಿದ್ದ ಊರಿನ ಸದ್ದು? 1982ರ ಜನವರಿ 18ರಂದು ಮುಂಬಯಿಯ ಜವಳಿ ಗಿರಣಿಗಳಲ್ಲಿ ಮುಷ್ಕರ ಆರಂಭವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರ ಬದುಕನ್ನು ತಟ್ಟಿದ ಆ ಮುಷ್ಕರದ ನಂತರ ಗಿರಣಗಾಂವಿನ ಎಷ್ಟೋ ಗಿರಣಿಗಳು ಮತ್ತೆ ಎಂದಿನಂತೆ ನಡೆಯಲಿಲ್ಲ. ಪಾಳಿಯ ಹೊತ್ತು ಸಾರುತ್ತಿದ್ದ ಭೋಂಗಾ, ಮಗ್ಗದ ಶೆಡ್ಡಿನೊಳಗಿನ ಕಿವುಡಾಗಿಸುವ ಗದ್ದಲ ಒಂದೊಂದಾಗಿ ನಿಂತವು. ಅಲ್ಲಿಯೂ ಈಗ ಮಾಲ್‌ಗಳಿವೆ. ತವರಿನಲ್ಲಿ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಈ ಎಲ್ಲದರ ಅಂಕಿಅಂಶ, ಕಡತ, ಛಾಯಾಚಿತ್ರಗಳು ಇವೆ. ನಮ್ಮ ಮನೆಗಳ ಹಳೆಯ ಕ್ಯಾಸೆಟ್ಟುಗಳಲ್ಲಿ ನಾಮಕರಣದ ಹಾಡು, ಅಜ್ಜಿಯ ಸೋಬಾನೆ, ಗಣೇಶೋತ್ಸವದ ಭಾಷಣ ಸಿಗುತ್ತವೆ. ಭೋಂಗಾ ಸಿಗುವುದು ಅಪರೂಪ. ಸಿಕ್ಕರೂ ಬೇರಾವುದೋ ಹಾಡಿನ ಹಿಂದೆ, ತೆರೆದ ಕಿಟಕಿಯಿಂದ ಒಳಬಂದು ಕುಳಿತ ಅತಿಥಿಯಂತೆ. ಬೇಕೆಂದು ಕರೆದ ಸದ್ದಿಗಿಂತ ಕರೆಯದೆ ಬಂದ ಆ ಸದ್ದಿಗೆ ಇಂದು ಚರಿತ್ರೆಯ ಬೆಲೆ ಹೆಚ್ಚು.

ಶೆಫೀಲ್ಡಿನ ಕಥೆಗೆ ಒಂದು ಉತ್ತರಾರ್ಧವಿದೆ. 1981ರಲ್ಲಿ ಕ್ರಿಸ್ ವಾಟ್ಸನ್ ತಂಡವನ್ನು ಬಿಟ್ಟು ಟೈನ್ ಟೀಸ್ ಟೆಲಿವಿಷನ್ನಿನಲ್ಲಿ ಧ್ವನಿಮುದ್ರಕನಾಗಿ ಸೇರಿಕೊಂಡ. ಕರ್ಕ್ ಮತ್ತು ಮ್ಯಾಲಿಂಡರ್ ತಂಡವನ್ನು ಮುಂದುವರಿಸಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಕರ್ಕ್ ಸಂಗೀತವನ್ನು ಬಿಡಲಿಲ್ಲ. ಹಳೆಯ ಕ್ಯಾಸೆಟ್ಟು 1992ರಲ್ಲಿ ಸಿ.ಡಿ.ಯಾಗಿ ಮರುಹುಟ್ಟು ಪಡೆಯಿತು. ವಾಟ್ಸನ್ ಮಾತ್ರ ಹಿತ್ತಿಲ ಹಕ್ಕಿಗಳ ಕಡೆಗೆ ಮರಳಿದ. ಡೇವಿಡ್ ಅಟೆನ್‌ಬರೊ ಅವರ ಬಿಬಿಸಿ ಸರಣಿಗಳಲ್ಲಿ ಹಕ್ಕಿ ಪ್ರಾಣಿಗಳ ದನಿಗಳನ್ನು ಹಿಡಿದುಕೊಟ್ಟವರಲ್ಲಿ ಅವನೂ ಒಬ್ಬ. ಮೆಕ್ಸಿಕೋದ ಸರ್ಕಾರಿ ರೈಲುಮಾರ್ಗವೊಂದರಲ್ಲಿ, ಪೆಸಿಫಿಕ್ ಕಡಲಿನ ಲೋಸ್ ಮೊಚಿಸ್‌ನಿಂದ ಪೂರ್ವ ತೀರದ ವೆರಾಕ್ರುಜ್‌ವರೆಗೆ, ಪ್ರಯಾಣಿಕರ ಗಾಡಿ ನಿಲ್ಲುವ ಮುನ್ನ ಹಿಡಿದಿಟ್ಟ ಸದ್ದುಗಳಿಂದ 2011ರಲ್ಲಿ 'ಎಲ್ ಟ್ರೆನ್ ಫಾಂತಾಸ್ಮಾ' ಎಂಬ ಕೃತಿಯನ್ನು ರಚಿಸಿದ. ಸುತ್ತಿಗೆಯನ್ನು ಕೇಳಿದ ಕಿವಿಯೇ ಹಕ್ಕಿಯನ್ನೂ ಇಲ್ಲವಾದ ರೈಲನ್ನೂ ಕೇಳಿತು.

2013ರಲ್ಲಿ ವಾಟ್ಸನ್ ತನ್ನ ಊರಿಗೆ ಮರಳಿ, ನದಿ, ಬಯಲು, ಬೀದಿ, ಉಳಿದುಕೊಂಡ ಕಮ್ಮಟಗಳ ಸದ್ದುಗಳಿಂದ ಶೆಫೀಲ್ಡಿನ ಧ್ವನಿನಕ್ಷೆಯೊಂದನ್ನು ಸಿದ್ಧಪಡಿಸಿ, ಅಲ್ಲಿನ ಮಿಲೇನಿಯಂ ಗ್ಯಾಲರಿಯಲ್ಲಿ ಕೇಳಿಸಿದ. ಜಾನ್ ರಸ್ಕಿನ್ ಸಂಗ್ರಹಿಸಿದ ಚಿತ್ರ, ಖನಿಜ, ಹಸ್ತಪ್ರತಿಗಳು ಇರುವುದೂ ಆ ಗ್ಯಾಲರಿಯಲ್ಲೇ. ಯಾವ ರಸ್ಕಿನ್ನನ ಪುಸ್ತಕ ಗಾಂಧೀಜಿಯವರ ಬದುಕಿನ ದಿಕ್ಕನ್ನು ಬದಲಿಸಿತೋ, ಅದೇ ರಸ್ಕಿನ್ 1875ರಲ್ಲಿ ಉಕ್ಕಿನ ಕೆಲಸಗಾರರ ಕಣ್ಣಿಗೆ ಚೆಲುವು ಸಿಗಲೆಂದು ಶೆಫೀಲ್ಡಿನ ವಾಕ್ಲಿಯಲ್ಲಿ ಪುಟ್ಟ ಸಂಗ್ರಹಾಲಯ ತೆರೆದಿದ್ದ. ಚೆಲುವನ್ನು ಹೊರಗಿನಿಂದ ತಂದು ಕೆಲಸಗಾರರಿಗೆ ತೋರಿಸಬೇಕೆಂದು ಅವನು ತಿಳಿದ. ಅವರ ಊರಿನೊಳಗೇ ಕೇಳತಕ್ಕದ್ದು ಇದೆಯೆಂದು ಅಟ್ಟದ ತರುಣರು ತೋರಿದರು. ಎರಡೂ ಈಗ ಒಂದೇ ಸೂರಿನಡಿ ಸೇರಿದವು.

ಕ್ಯಾಸೆಟ್ಟಿನ ಬೆನ್ನಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳಿರುತ್ತಿದ್ದವು. ಅವನ್ನು ಮುರಿದರೆ ಮೇಲೆ ಮತ್ತೇನನ್ನೂ ಮುದ್ರಿಸಲಾಗುತ್ತಿರಲಿಲ್ಲ. ಆದರೆ ಟೇಪಿನ ಮೇಲಿನ ಕಾಂತೀಯ ಲೇಪ ಕಾಲಕ್ರಮದಲ್ಲಿ ಕ್ಷೀಣಿಸುವುದನ್ನು ಆ ಎಸಳು ತಡೆಯಲಾರದು. ನಮ್ಮ ಬಳಗದ ಮನೆಗಳಲ್ಲಿ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಅಂಥ ಡಬ್ಬಿಗಳು ಇನ್ನೂ ಇವೆ. ಅವು ನುಡಿಯಬಲ್ಲ ಹೊತ್ತಿನಲ್ಲೇ ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಇಳಿಸುವಾಗ ಹಾಡಿನ ಹಿಂದಿನ ಬೀದಿಯ ಸದ್ದನ್ನು ಕಸವೆಂದು ಶೋಧಿಸಿ ತೆಗೆಯದಿರುವುದು ಇನ್ನೂ ಒಳ್ಳೆಯದು.